ಮಸಾಲೆ ಬಟ್ಟಲಿನ ಮೇಲಿನ ಸೆರಗು

ಠಪ್. ಆ ಶಬ್ದ ಇನ್ನೂ ಕಿವಿಯಲ್ಲಿದೆ. ಶಿಗ್ಗಾಂವಿಯ ಭಾನುವಾರದ ಡಾಕ್ಯುಮೆಂಟರಿ ಕ್ಲಾಸಿನಲ್ಲಿ, ಕ್ಯಾಮೆರಾ ಆನ್ ಆದೊಡನೆ ನಮ್ಮ ಸರ್ ಅದರ ಮುಂದೆ ಎರಡೂ ಅಂಗೈ ಬಡಿಯುತ್ತಿದ್ದರು. ಚಿತ್ರಕ್ಕೂ ಧ್ವನಿಗೂ ಆಮೇಲೆ ಗಂಟು ಹಾಕಲು ಅದೊಂದು ಗುರುತು. ಸರ್ ನನ್ನ ಮೊಮ್ಮಗನ ವಯಸ್ಸಿನವರು. ಮುದುಕಿಯಾದ ಮೇಲೆ ಸ್ಟೂಡೆಂಟ್ ಆಗುವ ಸುಖವೇ ಬೇರೆ: ಹೋಂವರ್ಕ್ ಮಾಡದಿದ್ದರೆ ಮೊಣಕಾಲು ನೋವು ಅನ್ನಬಹುದು, ಯಾರಿಗೂ ಸಂಶಯ ಬರುವುದಿಲ್ಲ. "ಮೇಡಂ, ನೀವು ಯಾರ್ನ ಶೂಟ್ ಮಾಡ್ತೀರಿ, ನಿಮ್ಮ ಕೈಯಾಗ ಕ್ಯಾಮೆರಾ ಐತಿ ಅನ್ನೋದನ್ನ ಅವರು ಮರೀಬೇಕ್ರಿ. ಅಲ್ಲೀತನಕ ಸುಮ್ನ ಕಾಯ್ರಿ," ಎಂದಿದ್ದರು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳ 'ಸೈಲೆನ್ಸ್ ಪ್ಲೀಸ್' ಕಡೆಗೂ ಉಪಯೋಗಕ್ಕೆ ಬಂತು ಅಂದುಕೊಂಡೆ.

ನನ್ನ ಫಿಲ್ಮಿಗೆ ನಾನು ಆರಿಸಿಕೊಂಡದ್ದು ಸವಣೂರಿನ ಹಸೀನಾಳನ್ನು. ಚಿಕ್ಕಂದಿನಲ್ಲಿ ನಮ್ಮ ಓಣಿಯವಳು, ಮನೆಯಲ್ಲೇ ಕಡಲೆ ಹಿಟ್ಟಿನ ಖಾರ ಕರಿದು ಮಾರುವವಳು, ನನ್ನನ್ನು ಏಕವಚನದಲ್ಲಿ ಬೈಯಲು ಉಳಿದಿದ್ದ ಒಬ್ಬಳೇ ಗೆಳತಿ. ಆ ಬೈಗುಳದ ಹಸೀನಾಳೇ ನನಗೆ ಫಿಲ್ಮಿನಲ್ಲಿ ಬೇಕಿತ್ತು. ನಾನಿರುವ ಹಾನಗಲ್ಲಿನಿಂದ ಬಸ್ಸು ಹತ್ತಿ ಹೋಗಿ ನೋಡಿದರೆ ಜರಿ ಸೀರೆ ಉಟ್ಟು, ಪೌಡರ್ ಹಚ್ಚಿ ಬಾಣಲೆ ಮುಂದೆ ಕೂತಿದ್ದಾಳೆ. ನಾನು ಫೋನಿನ ಕ್ಯಾಮೆರಾ ಆನ್ ಮಾಡಿ, ಚಪ್ಪಾಳೆ ತಟ್ಟಿ, ಫೋನು ಎತ್ತಿದೆ. "ಎಲ್ಲ ವೀಕ್ಷಕರಿಗೂ ನಮಸ್ಕಾರಗಳು," ಎಂದಳು. ಟೀವಿಯಲ್ಲಿ ನ್ಯೂಸ್ ಓದುವವರೂ ಅಷ್ಟು ಶುದ್ಧ ಕನ್ನಡ ಆಡಲಾರರು. ಫೋನು ಕೊಂಚ ಕೆಳಗಿಳಿದರೆ ಸಾಕು, ಮಸಾಲೆ ಬಟ್ಟಲಿನ ಮೇಲೆ ಸೆರಗು ಎಳೆಯುತ್ತಿದ್ದಳು.

"ಅದನ್ಯಾಕ ಮುಚ್ತಿ?" ಅಂದೆ.

"ನೀ ಯಾಕ ಅದರ ಮ್ಯಾಲೆ ಕಣ್ಣ ಇಟ್ಟಿ? ಹಾನಗಲ್ಲಾಗ ಅಂಗಡಿ ತಗೀತಿಯೇನ?"

"ನನಗ ನೆಟ್ಟಗ ಸಾರು ಮಾಡ್ಲಿಕ್ಕೆ ಬರೂದಿಲ್ಲ, ಖಾರ ಏನು ಮಾಡ್ಲಿ?"

"ಅದಕ್ಕ ಕದಿಯಾಕ ಬಂದಿ."

ಮುಂದಿನ ವಾರವೂ ಅದೇ ಜರಿ ಸೀರೆ, ಅದೇ ವೀಕ್ಷಕರು. ಆಕೆಗೆ ನನ್ನ ಮೇಲೆ ಮಸಾಲೆಯ ಸಂಶಯ. ನನ್ನ ಸಂಶಯ ಅದಕ್ಕಿಂತ ಕೆಟ್ಟದ್ದು. ಇಷ್ಟು ಚೆನ್ನಾಗಿ ಆಕ್ಟಿಂಗ್ ಮಾಡುವವಳು, ಇಷ್ಟು ವರ್ಷ ನನ್ನನ್ನು ಪ್ರೀತಿಯಿಂದ ಬೈದದ್ದೂ ನನಗಾಗಿ ಹಾಕಿದ ವೇಷವೇ ಇರಬಹುದೇ? ಫಿಲ್ಮು ಕೆಟ್ಟರೆ ಕೆಡಲಿ, ಗೆಳತಿ ಯಾರೆಂದೇ ತಿಳಿಯದೆ ಹೋದರೆ? ಬಸ್ಸಿನಲ್ಲಿ ಮರಳುವಾಗ ಇದೇ ಯೋಚನೆ.

ಕಡೆಗೊಂದು ದಿನ ಆಕೆಗೇ ಬೇಜಾರಾಯಿತು. "ತಾ ಇಲ್ಲೆ ಆ ಫೋನ. ಬಾಣಲಿ ಮುಂದ ನೀ ಕುಂದ್ರು, ಗೊತ್ತಾಗ್ಲಿ," ಎಂದು ಕಸಿದುಕೊಂಡು, ಕಡಲೆ ಹಿಟ್ಟಿನ ಇನ್ನೊಂದು ಕೈಯನ್ನು ತೊಡೆಗೆ ಬಡಿದು ಠಪ್ ಎನಿಸಿದಳು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕೂದಲು ಸವರಿಕೊಂಡೆ. ಬಾಯಿಂದ ಕಾನ್ವೆಂಟಿನ ಎಲೊಕ್ಯೂಶನ್ ಕಾಂಪಿಟಿಷನ್ನಿನ ದನಿ ಹೊರಟಿತು: "ಗುಡ್ ಮಾರ್ನಿಂಗ್ ಎವ್ರಿಬಡಿ." ಆಗ ಮಧ್ಯಾಹ್ನ.

"ಯಾರವಾ ಈಕಿ?" ಎಂದು ಹಸೀನಾ ಹೊಟ್ಟೆ ಹಿಡಿದು ನಕ್ಕಳು. "ಗೌರ್ನರ್ ಬಂದಾರೇನ ನಿನ್ನ ನೋಡಾಕ? ನಮ್ಮ ವತ್ಸಲಾನ್ನ ಕರಿ, ಆ ಹುಚ್ಚಿ ಎಲ್ಲಿ ಹೋದ್ಲು?" ನಗುತ್ತ, ಬೈಯುತ್ತ, ಶೂಟಿಂಗ್ ಮಾಡುತ್ತಲೇ ಇದ್ದಳು.

ಕ್ಲಾಸಿನಲ್ಲಿ ನಾನು ತೋರಿಸಿದ್ದು ಅದನ್ನೇ. ಅದರಲ್ಲಿ ಹಸೀನಾಳ ಮುಖ ಇಲ್ಲ, ಬೈಗುಳ ಪೂರ್ತಿ ಇದೆ. ಅದನ್ನು ಆಕೆಗೆ ತೋರಿಸುವ ಮೊದಲೇ, ಆ ವರ್ಷದ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ನಾನು ಆಕೆಯನ್ನು ಕಡೆಯ ಸಲ ನೋಡಿದ್ದು ಆ ಮಧ್ಯಾಹ್ನವೇ: ಅರ್ಧ ಮುಖ ನನ್ನ ಫೋನಿನ ಹಿಂದೆ, ಒಂದು ಕಣ್ಣು ಮುಚ್ಚಿ, ಸೆರಗು ಹೆಗಲಿನಿಂದ ಜಾರಿದ್ದರ ಪರಿವೆಯೂ ಇಲ್ಲದೆ. ಮಸಾಲೆ ಬಟ್ಟಲು ನನ್ನ ಮೊಣಕಾಲ ಪಕ್ಕದಲ್ಲೇ ತೆರೆದು ಕೂತಿತ್ತು. ಅದರಲ್ಲಿ ಏನೇನಿತ್ತೋ ನಾನು ನೋಡಲಿಲ್ಲ. ಕ್ಯಾಮೆರಾ ಕಡೆ ನೋಡುತ್ತಿದ್ದೆ.