ಡೆನ್ಮಾರ್ಕಿನವರಿಗೆ ನಮ್ಮ ಗುಡ್ಡದ ಗಾಳಿ

ಗಾಳಿ ಅಳೆಯುವುದು ನನ್ನ ಕೆಲಸ ಎಂದರೆ ನಗದವರು ಕಡಿಮೆ. ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವರು ನಕ್ಕದ್ದು ಸರಿ ಎನ್ನಿಸುವಂಥದ್ದು ಏನಾದರೂ ನಡೆದೇ ನಡೆಯುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಬಿ.ಎಸ್ಸಿ. ಆಗಷ್ಟೇ ಮುಗಿದಿತ್ತು. ಡೆನ್ಮಾರ್ಕಿನ ಗಾಳಿಯಂತ್ರದ ಕಂಪನಿಯೊಂದು ನಮ್ಮ ಜಿಲ್ಲೆಯಲ್ಲಿ ಬಂಡವಾಳ ಹೂಡಬಹುದೇ ಎಂದು ನೋಡುತ್ತಿತ್ತು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆ, ಒಬ್ಬ ಗೌಡರ ಗುಡ್ಡದ ಮೇಲೆ ಕಬ್ಬಿಣದ ಗೋಪುರ ನಿಲ್ಲಿಸಿ, ತುದಿಯಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು ಕೂರಿಸಿದ್ದರು. ಬಟ್ಟಲು ಎಷ್ಟು ಸುತ್ತಿತು ಎಂಬುದನ್ನು ಕೆಳಗಿನ ಪೆಟ್ಟಿಗೆ ಗುರುತು ಹಾಕಿಕೊಳ್ಳುತ್ತಿತ್ತು. ಅದನ್ನು ತೆಗೆದು, ಓದಿ, ವರದಿ ಬರೆದು ಕಳಿಸುವವನು ನಾನು. ಕೆಲಸ ತಾತ್ಕಾಲಿಕ. ಗುಡ್ಡ ಪಾಸಾದರೆ ನಾನೂ ಕಾಯಂ, ಇಲ್ಲದಿದ್ದರೆ ಗೋಪುರದ ಜೊತೆಗೆ ನನ್ನನ್ನೂ ಬಿಚ್ಚುತ್ತಾರೆ ಎಂದು ಬೆಂಗಳೂರಿನ ಮ್ಯಾನೇಜರ್ ಮೊದಲ ದಿನವೇ ತಿಳಿಸಿದ್ದರು.

ಸಂಡಿಗೆ

ಹಾಸನದಲ್ಲಿ ನನ್ನದು ಬಾಡಿಗೆ ಕೋಣೆ. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಅವರ ಹೆಂಡತಿ ನನ್ನ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲ ವ್ಯಕ್ತಿ. ಬೇಸಿಗೆ ಬಂದೊಡನೆ ದಿನಾ ಬೆಳಿಗ್ಗೆ, ಇವತ್ತು ಗಾಳಿ ಹೇಗಪ್ಪ, ಮಹಡಿ ಮೇಲೆ ಸಂಡಿಗೆ ಇಡಬಹುದಾ ಎಂದು ಕೇಳುತ್ತಿದ್ದರು. ನಾನು ಅಳೆಯುವುದು ಮೂವತ್ತೈದು ಕಿಲೋಮೀಟರ್ ಆಚೆಯ ಗುಡ್ಡದ ಗಾಳಿ, ಅದೂ ಬೀಸಿ ಹೋದದ್ದು, ನಾಳೆಯದಲ್ಲ ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಸರಿ, ಇಡ್ಲಾ ಬೇಡ್ವಾ ಅಂತ ಹೇಳು ಎಂದರು.

ಇಡಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಸೀರೆಯ ಸಮೇತ ಸಂಡಿಗೆ ಪಕ್ಕದ ಮನೆಯ ತೊಟ್ಟಿಯಲ್ಲಿತ್ತು. ಆಕೆ ಬಯ್ಯಲಿಲ್ಲ. ಒದ್ದೆ ಸೀರೆ ಹಿಂಡುತ್ತಾ ಕೇಳಿದ್ದು ಇಷ್ಟೇ: "ನಿನ್ನ ಮಾತು ನಂಬಿ ಆ ಡೆನ್ಮಾರ್ಕಿನವರು ದುಡ್ಡು ಹಾಕ್ತಾರಾ?"

ಸೇವಂತಿಗೆ

ದಸರೆ ಮುಗಿದ ಮೇಲೆ ಪೆಟ್ಟಿಗೆ ತೆಗೆದು ನೋಡಿದರೆ ಆಯುಧಪೂಜೆಯ ಬೆಳಿಗ್ಗೆ ಹತ್ತೂವರೆಯವರೆಗೆ ಒಳ್ಳೆಯ ಗಾಳಿ. ಆಮೇಲೆ ಸೊನ್ನೆ. ಅಲ್ಲಿಂದ ನಾನು ಬಂದ ದಿನದವರೆಗೆ, ಒಂಬತ್ತು ದಿನವೂ ಸೊನ್ನೆ. ತಂತಿ ಪರೀಕ್ಷಿಸಿದೆ, ಬ್ಯಾಟರಿ ಪರೀಕ್ಷಿಸಿದೆ. ಕೊನೆಗೆ ತಲೆ ಎತ್ತಿದೆ. ಬಟ್ಟಲುಗಳ ಸುತ್ತ ಒಂದು ಸೇವಂತಿಗೆ ಹಾರ, ಒಣಗಿ ಬಿಗಿದುಕೊಂಡಿತ್ತು.

ಬಾಗೂರಿನಿಂದ ತೆಂಗಿನ ಮರ ಹತ್ತುವವನನ್ನು ಕರೆಸಿ ಗೌಡರೇ ಹಾಕಿಸಿದ್ದರಂತೆ. ಕೇಳಿದ್ದಕ್ಕೆ ಅವರಿಗೇ ಬೇಸರವಾಯಿತು.

"ಪಂಪ್‌ಸೆಟ್ಟಿಗೆ ಆಕಿವ್ನಿ, ಟಿಲ್ಲರಿಗೆ ಆಕಿವ್ನಿ. ನಿಮ್ದೊಂದನ್ನ ಬುಟ್ಬುಟ್ರೆ ಚೆಂದಾಗಿರ್ತದಾ? ಕುಂಬ್ಳಕಾಯಿ ಬ್ಯಾರೆ ವಡ್ಸಿವ್ನಿ ಕಣಪ್ಪಾ."

ಮುಚ್ಚಿಡುವುದು ನನಗೆ ಬರುವುದಿಲ್ಲ. ವರದಿಯಲ್ಲಿ ಬರೆದೆ: ಒಂಬತ್ತು ದಿನ ಮಾಹಿತಿ ಇಲ್ಲ, ಕಾರಣ ಸೇವಂತಿಗೆ ಹೂವು. ವಾರದ ನಂತರ ಡೆನ್ಮಾರ್ಕಿನಿಂದ ಫ್ಯಾಕ್ಸ್ ಬಂತು. ಈ ಭಾಗದಲ್ಲಿ ಸೇವಂತಿಗೆ ಸಾಮಾನ್ಯವಾಗಿ ಎಷ್ಟು ಮೀಟರ್ ಎತ್ತರ ಬೆಳೆಯುತ್ತದೆ, ಕೂಡಲೇ ತಿಳಿಸಿ.

ಪಾಲು

ಮರುವರ್ಷ ಡೆನ್ಮಾರ್ಕಿನಿಂದ ಒಬ್ಬ ಎಂಜಿನಿಯರ್ ಬಂದರು. ಗೌಡರ ಜಗುಲಿಯಲ್ಲಿ ಕೂತು ಎಳನೀರು ಕುಡಿಯುತ್ತಾ ತಮ್ಮ ದೇಶದ ಚಿತ್ರಗಳನ್ನು ತೋರಿಸಿದರು. ಹೊಲದಲ್ಲಿ ಗಾಳಿಯಂತ್ರ, ಕಡಲಲ್ಲಿ ಗಾಳಿಯಂತ್ರ. ಅಲ್ಲಿ ರೈತರೇ ನೆರೆಹೊರೆಯವರ ಜೊತೆ ಸೇರಿ ಪಾಲು ಹಾಕಿ ಯಂತ್ರ ನಿಲ್ಲಿಸುತ್ತಾರೆ, ಬಂದ ಲಾಭ ಹಂಚಿಕೊಳ್ಳುತ್ತಾರೆ ಎಂದರು. ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ.

ಪಾಲುದಾರರು ಕೋರ್ಟಿಗೆ ಹೋಗುವುದಿಲ್ಲವೇ ಎಂದು ಗೌಡರು ಕೇಳಿದರು. ಇಲ್ಲ ಎಂದರು ಎಂಜಿನಿಯರ್. ಅಣ್ಣ ತಮ್ಮಂದಿರೇ ಪಾಲುದಾರರಾದರೂ? ಆದರೂ ಇಲ್ಲ. ಗಾಳಿ ಎಷ್ಟು ತಿಂಗಳು? ಹೆಚ್ಚುಕಡಿಮೆ ವರ್ಷವಿಡೀ.

ಸ್ವಂತ ತಮ್ಮನ ಮೇಲೆ ಇದೇ ಗುಡ್ಡದ ಬದುವಿನ ವಿಚಾರಕ್ಕೆ ಹನ್ನೊಂದು ವರ್ಷ ಕೇಸು ನಡೆಸಿದ್ದ ಗೌಡರು ಬಹಳ ಹೊತ್ತು ಆ ಚಿತ್ರ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಸಾಹೇಬ್ರಿಗೆ ಯೋಳು. ಈ ಗುಡ್ಡ ಅಂಗಿರ್ಲಿ. ಅಲ್ಲೇ ನಂದೂ ಒಂದು ಪಾಲು ಆಕ್ಬುಡ್ಲಿ."

ಕರಾರು

ಮೂರನೆಯ ವರ್ಷ ಗುಡ್ಡ ಪಾಸಾಯಿತು. ಗಾಳಿ ಜೋರಿರುವಾಗ ಕಣ್ಣಾರೆ ಕಂಡು, ಅಲ್ಲೇ ಗೌಡರ ಜೊತೆ ಗುಡ್ಡದ ಕರಾರಿಗೆ ಸಹಿ ಹಾಕುತ್ತೇನೆ ಎಂದು ಡೆನ್ಮಾರ್ಕಿನಿಂದ ಕಂಪನಿಯ ಯಜಮಾನರು ತಿಳಿಸಿದರು. ನಿಮ್ಮಲ್ಲಿ ಗಾಳಿ ಯಾವಾಗ ಜೋರು ಎಂದು ಕೇಳಿದರು. ಜುಲೈ ಎಂದು ಅಂಕಿಅಂಶ ಸಮೇತ ಬರೆದೆ. ನಾನು ನೋಡಿದ್ದು ಗ್ರಾಫು. ಪಂಚಾಂಗ ನೋಡಿರಲಿಲ್ಲ.

ಅವರು ಬಂದರು. ಗುಡ್ಡದ ಮೇಲೆ ನಿಲ್ಲಲು ಆಗದಷ್ಟು ಗಾಳಿ. ಯಜಮಾನರ ಟೋಪಿ ಗೌಡರ ರಾಗಿ ಹೊಲಕ್ಕೆ ಹೋಯಿತು. ಅವರಿಗೆ ಬಹಳ ಸಂತೋಷವಾಯಿತು. ಮ್ಯಾನೇಜರ್ ಕಾಗದ ಬಿಚ್ಚಿದರು. ಗೌಡರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಆಸಾಡ ಕಣಪ್ಪಾ. ಸ್ರಾವಣ ಉಟ್ಟಿದ್ ದಿನ ಆಕ್ತೀನಿ. ಈಗ ಬ್ಯಾಡ."

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಇದು ಕೆಟ್ಟರೆ ನಿನ್ನ ಕೆಲಸವೂ ಇಲ್ಲ ಎಂದರು. ನಾನು ಗೌಡರಿಗೆ ತಿಳಿಸಿ ಹೇಳಿದೆ. ಭೂಮಿ ಸೂರ್ಯನನ್ನು ಸುತ್ತುವುದರಲ್ಲಿ ಒಳ್ಳೆಯ ತಿಂಗಳು, ಕೆಟ್ಟ ತಿಂಗಳು ಇಲ್ಲ ಎಂದೆ. ಅದರ ಪಾಡಿಗೆ ಅದು ಸುತ್ತಲಿ, ನಾನೇನು ಬೇಡ ಅಂದ್ನಾ ಎಂದರು.

ವಿಧಿಯಿಲ್ಲದೆ ಯಜಮಾನರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ: ಈ ತಿಂಗಳು ಇಲ್ಲಿ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ, ಇದು ಹಳಬರ ಮೂಢನಂಬಿಕೆ, ನಮ್ಮಂಥವರಿಗೆ ಇಲ್ಲ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ದೇಶದಲ್ಲೂ ಹಾಗೇ, ಜುಲೈಯಲ್ಲಿ ಎಲ್ಲರೂ ರಜೆ, ಯಾರೂ ಯಾವುದಕ್ಕೂ ಸಹಿ ಹಾಕುವುದಿಲ್ಲ, ನಾನೊಬ್ಬನೇ ತಪ್ಪಿ ಬಂದೆ ಎಂದರು. ಗೌಡರ ಕೈ ಕುಲುಕಿದರು. ಶ್ರಾವಣದಲ್ಲಿ ಕಾಗದ ಕಳಿಸುವುದೆಂದು ತೀರ್ಮಾನವಾಯಿತು.

ನಿರಾಳವಾದ ಮ್ಯಾನೇಜರ್ ಚೀಲದಿಂದ ಇನ್ನೊಂದು ಕಾಗದ ತೆಗೆದರು. ನನ್ನ ಕಾಯಂ ಆದೇಶ. ಇಲ್ಲೇ ಸಹಿ ಹಾಕು, ಸೋಮವಾರದಿಂದ ಸೇರಿಕೋ ಎಂದರು.

ಪೆನ್ನು ತೆಗೆದೆ. ಕಾಗದ ಪಟಪಟ ಹೊಡೆದುಕೊಳ್ಳುತ್ತಿತ್ತು. ಗೌಡರು ನನ್ನನ್ನೇ ನೋಡುತ್ತಿದ್ದರು. ಅರಕಲಗೂಡಿನಲ್ಲಿರುವ ನನ್ನ ಅಮ್ಮನಿಗೆ ಈ ತಾರೀಖು ಹೇಳುವುದು ಹೇಗೆಂದು ಯೋಚಿಸಿದೆ. ಪೆನ್ನಿನ ಮುಚ್ಚಳ ಹಾಕಿದೆ.

"ಸರ್, ನಾನೂ ಶ್ರಾವಣದಲ್ಲೇ ಸೇರ್ಕೊಳ್ಲಾ?"

ಗೌಡರು ನನಗೆ ಜಾಗ ಬಿಡುವವರಂತೆ ಸ್ವಲ್ಪ ಸರಿದು ನಿಂತರು. ಇವರಿಗೇನಾಯಿತು ಎಂದು ಯಜಮಾನರು ಮ್ಯಾನೇಜರನ್ನು ಕೇಳಿದರು.

ಮ್ಯಾನೇಜರ್ ಆದೇಶವನ್ನು ಮಡಿಸಿ ಚೀಲಕ್ಕೆ ಹಾಕುತ್ತಾ ಇಂಗ್ಲಿಷಿನಲ್ಲಿ ಹೇಳಿದರು, ಇವರಿಗೂ ರಜೆಯಂತೆ.