ರಘೋತ್ತಮ ಸೈಲೆನ್ಸರ್ ತಂದದ್ದು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳ ಎರಡನೇ ಶನಿವಾರ, ಏಳು ಸಮುದ್ರಗಳಾಚೆ, ಮೂರು ಫ್ರೀವೇಗಳೀಚೆ, ಅಮೆರಿಕದ ಎವರ್‌ಗ್ರೀನ್ ಎಂಬ ಗುಡ್ಡದ ಮಗ್ಗುಲಲ್ಲಿ ರಘೋತ್ತಮ ಎಂಬ ಇಂಜಿನಿಯರ್ ಇದ್ದ. ಅಜ್ಜಿ ಕತೆಯ ರಾಜಕುಮಾರರಿಗೆ ರಾಕ್ಷಸಿಯ ಶಾಪ ಇರುತ್ತದಲ್ಲ, ಹಾಗೆ ಇವನಿಗೂ ಒಂದಿತ್ತು. ಯಾರು ಏನು ಕೇಳಿದರೂ "ಆಯ್ತು, ನಾನು ನೋಡ್ಕೋತೀನಿ" ಎಂಬ ಮಾತು ಅವನ ಬಾಯಿಂದ ತಾನಾಗಿ ಉದುರುತ್ತಿತ್ತು.

ಹೀಗೆ ಉದುರಿಸಿ ಉದುರಿಸಿಯೇ ಅವನು ಆರು ವರ್ಷಗಳಿಂದ ಊರಿನ ಕನ್ನಡ ನಾಟಕ ತಂಡದಲ್ಲಿ ಪರದೆ ಎಳೆಯುವವನೂ, ಕುರ್ಚಿ ಹೊರುವವನೂ, ಕಾಫಿ ಕಾಯಿಸುವವನೂ ಆಗಿದ್ದ. ಆರು ನಾಟಕಗಳಾದವು, ಒಂದರಲ್ಲೂ ಒಂದು ಮಾತು ಸಿಗಲಿಲ್ಲ. ಒಮ್ಮೆ ಮರದ ಪಾರ್ಟು ಸಿಕ್ಕಿತ್ತು. ಎರಡನೇ ಅಂಕದಲ್ಲಿ ಆ ಮರವನ್ನೂ ಕಡಿದು ಹಾಕಿದರು.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ನಿರ್ದೇಶಕಿ ಪದ್ಮಜಾ ಫೋನ್ ಮಾಡಿದಳು. ಅವಳು ಹಲ್ಲಿನ ಡಾಕ್ಟರು. ನಟರನ್ನೂ ಬಾಯಿ ತೆರೆದು ಕೂತ ರೋಗಿಗಳಂತೆಯೇ ನೋಡಿಕೊಳ್ಳುತ್ತಿದ್ದಳು.

"ರಘು, ನಿನ್ನೆ ರಿಹರ್ಸಲ್‌ನಲ್ಲಿ ಪಟಾಕಿ ಪಿಸ್ತೂಲು ಢಂ ಅಂದಾಗ ಏನಾಯ್ತು ನೋಡಿದ್ಯಲ್ಲ? ಒಂಬತ್ತು ಮಕ್ಕಳು ಒಟ್ಟಿಗೆ ಕಿಟಾರ್ ಅಂತ ಕಿರುಚ್ಕೊಂಡ್ವು. ಇನ್ನೊಂದು ಸಲ ಆ ಸದ್ದು ಬಂದ್ರೆ ಶೋನೇ ಕ್ಯಾನ್ಸಲ್ ಅಂತ ಹಾಲ್ ಮ್ಯಾನೇಜರು ಹೇಳ್ಬಿಟ್ಟಿದಾರೆ. ಅದಕ್ಕೇ ಕೊಲೆಗಾರನ ಪಾರ್ಟಿನ ಕುಶಲ್ ಪಿಸ್ತೂಲಿಗೆ ಸೈಲೆನ್ಸರ್ ಹಾಕ್ಬಿಡೋಣ."

"ಆಯ್ತಕ್ಕ, ನಾನು ನೋಡ್ಕೋತೀನಿ."

"ಸಂಜೆ ಆರರೊಳಗೆ ಬೇಕು. ಇನ್ನೊಂದು ವಿಷ್ಯ. ಇನ್‌ಸ್ಪೆಕ್ಟರ್ ಪಾರ್ಟಿನ ಸುಮನ್ ಕೈಕೊಟ್ಟ. ಆಫೀಸಲ್ಲಿ ಸರ್ವರ್ ಮಲಗಿದೆಯಂತೆ, ಬರಲ್ಲ. ನೀನು ಸೈಲೆನ್ಸರ್ ತಂದ್ರೆ ಆ ಪಾರ್ಟು ನಿಂದೇ. ಇವತ್ತು ಜನ ನಿನ್ನ ಧ್ವನಿ ಕೇಳ್ತಾರೆ ಕಣೋ. ಪ್ರಾಮಿಸ್!"

ರಘೋತ್ತಮ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ. ಕುರ್ಚಿ ಹೊರುತ್ತಲೇ ಎಲ್ಲರ ಪಾರ್ಟನ್ನೂ ಬಾಯಿಪಾಠ ಮಾಡಿದ್ದವನಿಗೆ ಇನ್‌ಸ್ಪೆಕ್ಟರನ ಮಾತು ಯಾವ ಲೆಕ್ಕ? "ಗುಂಡಿನ ಸದ್ದು ಎಲ್ಲಿಂದ ಬಂತು? ಯಾರೂ ಜಾಗ ಬಿಟ್ಟು ಕದಲಬೇಡಿ!" ಒಟ್ಟು ಎಂಟು ಪದ. ಆರು ವರ್ಷದ ತಪಸ್ಸಿಗೆ ಎಂಟು ಪದಗಳ ವರ!

ಬೇರೆಯವರಾಗಿದ್ದರೆ ಒಂದು ಕೊಳವೆಗೆ ಬಣ್ಣ ಬಳಿದು ಮುಗಿಸುತ್ತಿದ್ದರು. ಆದರೆ ರಘೋತ್ತಮ ಹಲ್ಲುಜ್ಜುವ ಬ್ರಷ್ ಕೊಳ್ಳಲೂ ನಲವತ್ತು ರಿವ್ಯೂ ಓದುವವನು. ಲ್ಯಾಪ್‌ಟಾಪ್ ತೆರೆದ, ಸ್ಪ್ರೆಡ್‌ಶೀಟ್ ಬಿಡಿಸಿದ, ಮೊದಲ ಸಲ ಸೈಲೆನ್ಸರ್ ಕೊಳ್ಳುವವರಿಗಾಗಿ ಬರೆದ ಲೇಖನಗಳಲ್ಲಿ ಮುಳುಗಿದ. ತಿಳಿದವರು ಅದನ್ನು 'ಸಪ್ರೆಸರ್' ಅನ್ನುತ್ತಾರಂತೆ. ಬಂದೂಕಿನ ನಳಿಕೆಯ ಅಳತೆಗೂ ತಿರುಪಿನ ಸುತ್ತುಗಳಿಗೂ ಅದು ಸರಿಹೊಂದಬೇಕಂತೆ. ಉದ್ದ ಇದ್ದಷ್ಟೂ ಸದ್ದು ಕಡಿಮೆ, ಆದರೆ ತೂಕ ಜಾಸ್ತಿಯಂತೆ. ರಘೋತ್ತಮ ಉತ್ಸಾಹದಿಂದ ಆರನೇ ಕಾಲಂ ತುಂಬುತ್ತಿದ್ದಾಗ ಹಿಂದಿನಿಂದ ದೋಸೆ ಸೌಟು ಬಂದು ಪರದೆಯ ಎದುರು ನಿಂತಿತು. ಸೌಟಿನ ಹಿಂದೆ ಹೆಂಡತಿ ಹರಿಪ್ರಿಯಾ ಇದ್ದಳು.

"ಏನ್ರೀ ಇದು! ಗ್ರೀನ್ ಕಾರ್ಡ್‌ಗೆ ಹನ್ನೊಂದು ವರ್ಷದಿಂದ ಕ್ಯೂನಲ್ಲಿ ನಿಂತಿದೀವಿ, ನೀವು ಕೂತ್ಕೊಂಡು ಬಂದೂಕಿನ ಸೈಲೆನ್ಸರ್ ಹುಡುಕ್ತಿದೀರಾ? ಗೌರ್ನಮೆಂಟು ಎಲ್ಲಾ ನೋಡ್ತಿರತ್ತೆ!"

"ನಾಟಕಕ್ಕೆ ಕಣೇ."

"ಅದು ಅವರಿಗೆ ಹೇಗೆ ಗೊತ್ತಾಗ್ಬೇಕು? ಸರ್ಚ್ ಮಾಡೋವಾಗ ಮುಂದೆ 'ನಾಟಕಕ್ಕೆ' ಅಂತ ಸೇರ್ಸಿ!"

ಅವನು ವಿಧೇಯನಾಗಿ ಸೇರಿಸಿದ. ಸಿಕ್ಕಿದ ಉತ್ತರಗಳೆಲ್ಲ ನಾಟಕದವೇ, ಸೈಲೆನ್ಸರ್ ಒಂದೂ ಇರಲಿಲ್ಲ. ಅಂಗಡಿಯಲ್ಲೇ ಕೇಳುವುದು ವಾಸಿ ಎಂದು ಕಾರಿನ ಕೀ ಎತ್ತಿಕೊಂಡ.

ಹೊರಗೆ ಪಕ್ಕದ ಮನೆಯ ಚೆಲುವರಾಜು ಗಿಡಕ್ಕೆ ನೀರು ಬಿಡುತ್ತಿದ್ದ. ಮಂಡ್ಯ ಕಡೆಯವನು. ರಘೋತ್ತಮನ ಏಣಿಯನ್ನು ಒಂದು ಗಂಟೆಗೆಂದು ಒಯ್ದು ಎರಡು ವರ್ಷವಾಗಿತ್ತು. ಅವನ ದೊಡ್ಡ ಕಾರು ದಿನವೂ ರಘೋತ್ತಮನ ಡ್ರೈವ್‌ವೇಗೆ ಅರ್ಧ ಮೂತಿ ತೂರಿಸಿಕೊಂಡು, ಊಟಕ್ಕೆ ಕಾದ ಎಮ್ಮೆಯಂತೆ ನಿಂತಿರುತ್ತಿತ್ತು.

"ಏನ್ ರಘು, ಸೈಲೆನ್ಸರ್ ಗಿಲೆನ್ಸರ್ ಅಂತ ಹರಿಪ್ರಿಯಾ ಕೂಗಾಡ್ತಿದ್ರು? ನಮ್ಮೂರ್ ಹೈಕ್ಳು ಬೈಕಿಂದ ಸೈಲೆನ್ಸರ್ ಕಿತ್ತಾಕ್ತವೆ, ನೀನ್ ನೋಡುದ್ರೆ ಹಾಕ್ಸಕ್ಕೆ ಹೊಂಟಿದ್ದೀಯಲ್ಲಪ್ಪಾ!"

"ಬೈಕಿಗಲ್ಲ ಚೆಲುವರಾಜಣ್ಣ, ಪಿಸ್ತೂಲಿಗೆ. ಬರ್ತೀನಿ, ಅರ್ಜೆಂಟು!" ಎಂದವನೇ ರಘೋತ್ತಮ ಹೊರಟೇಬಿಟ್ಟ. ಚೆಲುವರಾಜುವಿನ ಪೈಪಿನ ನೀರು ಗಿಡ ಬಿಟ್ಟು ಅವನ ಚಪ್ಪಲಿಯ ಮೇಲೆಯೇ ಬೀಳತೊಡಗಿತು.

ದಾರಿಯುದ್ದಕ್ಕೂ ರಘೋತ್ತಮ ಕಿಟಕಿ ಇಳಿಸಿಕೊಂಡು ತಾಲೀಮು ನಡೆಸಿದ. "ಯಾರೂ ಜಾಗ ಬಿಟ್ಟು ಕದಲಬೇಡಿ!" ಫ್ರೀವೇ ಅವನ ಮಾತನ್ನು ಅಕ್ಷರಶಃ ಪಾಲಿಸಿತು. ಮುಕ್ಕಾಲು ಗಂಟೆ ಒಂದು ಕಾರೂ ಕದಲಲಿಲ್ಲ.

ಸ್ಯಾನ್ ಮಟಿಯೋ ಹತ್ತಿರದ ಬಂದೂಕಿನ ಅಂಗಡಿಯಲ್ಲಿ ಎದೆಯವರೆಗೆ ಗಡ್ಡ ಬಿಟ್ಟ ತಾತನೊಬ್ಬ ಕೂತಿದ್ದ.

"ಸಪ್ರೆಸರ್ ಬೇಕಿತ್ತು," ಎಂದ ರಘೋತ್ತಮ, ತಿಳಿದವನ ಗತ್ತಿನಲ್ಲಿ.

"ಯಾವ ಬಂದೂಕಿಗೆ?"

"ಬಂದೂಕು ಇಲ್ಲ."

ತಾತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಮಗು, ಕ್ಯಾಲಿಫೋರ್ನಿಯಾದಲ್ಲಿ ನನ್ನಂಥ ನಿನ್ನಂಥ ಸಾಮಾನ್ಯರು ಅದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ಇಟ್ಟುಕೊಂಡರೆ ಜೈಲು. ಬೇರೆ ಎಷ್ಟೋ ರಾಜ್ಯಗಳಲ್ಲಿ ಕೊಳ್ಳಬಹುದು. ಅಲ್ಲೂ ಫಾರ್ಮು ತುಂಬಿ, ಬೆರಳಚ್ಚು ಕೊಟ್ಟು, ಫೋಟೋ ಅಂಟಿಸಿ, ವಾಷಿಂಗ್ಟನ್ನಿನ ಒಪ್ಪಿಗೆಗೆ ಕಾಯಬೇಕು."

ಫಾರ್ಮು, ಬೆರಳಚ್ಚು, ಫೋಟೋ, ಕಾಯುವುದು ಎಂಬ ಪರಿಚಿತ ಶಬ್ದಗಳನ್ನು ಕೇಳಿ ರಘೋತ್ತಮನಿಗೆ ತವರು ಸೇರಿದಷ್ಟು ಹಿತವಾಯಿತು. "ಕಾಯೋದು ನನಗೆ ಅಭ್ಯಾಸ ಇದೆ. ಸಂಜೆ ಆರರೊಳಗೆ ಆಗುತ್ತಾ?" ಎಂದು ಕೇಳಿ, ನಾಟಕದ ಕತೆಯನ್ನೆಲ್ಲ ಬಿಚ್ಚಿಟ್ಟ.

ತಾತ ಗಡ್ಡ ಕುಲುಕುವಂತೆ ನಕ್ಕ. "ಸಿನಿಮಾದಲ್ಲಿ ಠುಸ್ ಅನ್ನುತ್ತದಲ್ಲ, ಅದು ಶುದ್ಧ ಸುಳ್ಳು. ಸೋಡಾ ಬಾಟಲಿ ಒಮ್ಮೆಲೇ ತೆಗೆದರೆ ಢಬ್ ಅನ್ನುತ್ತದೆ, ಮೆಲ್ಲಗೆ ತೆಗೆದರೆ ಸುಯ್ ಅನ್ನುತ್ತದೆ. ಗುಂಡಿನ ಹಿಂದೆ ನುಗ್ಗುವ ಬಿಸಿ ಗಾಳಿಯನ್ನು ಆ ಕೊಳವೆ ಕೋಣೆ ಕೋಣೆಯಲ್ಲಿ ತಡೆದು ಮೆಲ್ಲಗೆ ಬಿಡುತ್ತದೆ. ಅಷ್ಟೇ. ಆದರೂ ಸದ್ದು ಬರುತ್ತದೆ, ಪಕ್ಕದ ಮನೆಗೂ ಕೇಳುತ್ತದೆ. ಗುರಿಯಿಡುವವರು ಆಗಲೂ ಕಿವಿ ಮುಚ್ಚಿಕೊಂಡೇ ಇರುತ್ತಾರೆ."

ಈ ಜ್ಞಾನವನ್ನು ಸ್ಪ್ರೆಡ್‌ಶೀಟಿಗೆ ಸೇರಿಸಿ, ಬರಿಗೈಯಲ್ಲಿ ರಘೋತ್ತಮ ಆಟಿಕೆ ಅಂಗಡಿಗಳನ್ನು ಸುತ್ತಿದ. ಮೊದಲನೆಯದರಲ್ಲಿ ನೀರಿನ ಪಿಸ್ತೂಲು ಬಿಟ್ಟರೆ ಬೇರೇನಿರಲಿಲ್ಲ. ಎರಡನೆಯದರಲ್ಲಿ ಗುಲಾಬಿ ಬಣ್ಣದ್ದು ಸಿಕ್ಕಿತು, ಅದರಿಂದ ಗುಳ್ಳೆ ಬರುತ್ತಿತ್ತು. ಮೂರನೆಯದು ಮುಚ್ಚಿ ಅಲ್ಲಿ ಯೋಗ ಕ್ಲಾಸು ಶುರುವಾಗಿತ್ತು. ಸೋತು ಸುಣ್ಣವಾಗಿ ಮನೆ ಮುಟ್ಟಿದಾಗ ಗಂಟೆ ಐದು.

ಮನೆ ಮುಂದೆ ನಂಬಲಾಗದ ದೃಶ್ಯ! ಡ್ರೈವ್‌ವೇ ಖಾಲಿ. ಗೋಡೆಗೆ ಅವನ ಏಣಿ ಒರಗಿ ನಿಂತಿದೆ. ಏಣಿಯ ಮೂರನೇ ಮೆಟ್ಟಿಲ ಮೇಲೆ ಬಿಸಿ ಒಬ್ಬಟ್ಟಿನ ಡಬ್ಬಿ.

"ವಾಟ್ಸಾಪ್ ಗ್ರೂಪ್ ನೋಡಿದ್ರಾ?" ಎಂದಳು ಹರಿಪ್ರಿಯಾ. "ನಿಮ್ಮ ಹತ್ರ ನಾಲ್ಕು ಪಿಸ್ತೂಲಿದೆಯಂತೆ. ಚೆಲುವರಾಜಣ್ಣ ಬಂದು 'ರಘು ದೇವರಂಥಾ ಮನ್ಸ, ಏನಾದ್ರೂ ತಪ್ಪಾಗಿದ್ರೆ ಒಟ್ಟೆಗಾಕ್ಕೊಳಿ' ಅಂತ ಕೈ ಮುಗಿದು ಹೋದ್ರು."

ರಘೋತ್ತಮನಿಗೆ ಇದಕ್ಕೆಲ್ಲ ವ್ಯವಧಾನವೆಲ್ಲಿ? ಎಂಟು ಪದಗಳು ಕೈಜಾರುತ್ತಿದ್ದವು. ತಲೆ ಮೇಲೆ ಕೈ ಹೊತ್ತು ಕುಳಿತವನ ಮುಂದೆ ಏಳು ವರ್ಷದ ಮಗಳು ಲಾಸ್ಯಾ ದೇವರ ಮನೆಯಿಂದ ಊದುಬತ್ತಿಯ ಉದ್ದನೆಯ ರಟ್ಟಿನ ಡಬ್ಬಿ ತಂದು ಹಿಡಿದಳು.

"ಅಪ್ಪಾ, ಜಸ್ಟ್ ಯೂಸ್ ದಿಸ್."

ಮಗಳನ್ನು ಎತ್ತಿ ಮುದ್ದಾಡಿದ. ಡಬ್ಬಿಯನ್ನು ಗೇಣುದ್ದಕ್ಕೆ ಕತ್ತರಿಸಿ ಕಪ್ಪು ಟೇಪು ಸುತ್ತಿದ್ದೇ, ಅದು ಎಂಥ ಕೊಲೆಗಡುಕನಿಗೂ ಭೂಷಣವಾಗುವಂತಾಯಿತು.

ಆರಕ್ಕೆ ಐದು ನಿಮಿಷ ಇರುವಾಗ ಏದುಸಿರು ಬಿಡುತ್ತ ಹಾಲಿಗೆ ನುಗ್ಗಿದ. ಮುಂದಿನ ಸಾಲಿನಲ್ಲಿದ್ದ ಚೆಲುವರಾಜು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ.

"ಅದ್ಭುತ ರಘು!" ಎಂದಳು ಪದ್ಮಜಾ. "ಹೋಗು, ಇನ್‌ಸ್ಪೆಕ್ಟರ್ ಡ್ರೆಸ್ ಹಾಕ್ಕೋ. ಒಂದ್ಸಲ ಆ ಸೀನ್ ನೋಡ್ಬಿಡೋಣ."

ಸುಮನ್‌ನ ಖಾಕಿ ಬಟ್ಟೆ ರಘೋತ್ತಮನಿಗೆ ದಿಂಬಿನ ಕವರಿನಂತೆ ದೊಗಳೆ. ಆದರೂ ಎದೆ ಉಬ್ಬಿಸಿ ನಿಂತ. ವೇದಿಕೆಯ ಮೇಲೆ ಕುಶಲ್ ಪಿಸ್ತೂಲು ಎತ್ತಿ, "ಏನಿದು ಗಂಧದ ವಾಸನೆ!" ಎಂದು ಮೂಗು ಮುರಿದು, ಕುದುರೆ ಒತ್ತಿದ. ಪಟಾಕಿ ಇರಲಿಲ್ಲ, ಸದ್ದೂ ಇಲ್ಲ. ಸಾಯಬೇಕಾದವನು ಸತ್ತ. ರಘೋತ್ತಮ ಸಿಡಿಲಿನಂತೆ ಒಳನುಗ್ಗಿದ.

"ಗುಂಡಿನ ಸದ್ದು ಎಲ್ಲಿಂದ ಬಂತು?"

"ತಡಿ ತಡಿ," ಎಂದಳು ಪದ್ಮಜಾ. "ಯಾವ ಸದ್ದು?"

"ಗುಂಡಿನ ಸದ್ದಕ್ಕ."

"ಸದ್ದೇ ಬರ್ಲಿಲ್ವಲ್ಲೋ. ಸೈಲೆನ್ಸರ್ ಹಾಕಿದೀವಿ. ಮತ್ತೆ ನಿನಗೆ ಕೊಲೆ ಆಗಿದ್ದು ಹೇಗೆ ಗೊತ್ತಾಯ್ತು?"

ಒಂದು ಕ್ಷಣ ಹಾಲಿಗೆ ಹಾಲೇ ಯೋಚಿಸಿತು. ಪದ್ಮಜಾ ಹಣೆ ಚಚ್ಚಿಕೊಂಡಳು. "ಛೆ, ಇನ್‌ಸ್ಪೆಕ್ಟರ್ ಈಗ ಬರೋದೇ ತಪ್ಪು, ಅವನ ಪಾರ್ಟೇ ಬೇಡ! ಬೆಳಿಗ್ಗೆ ಕಸ ಗುಡಿಸೋಳು ಹೆಣ ನೋಡಿ ಕಿರುಚ್ಲಿ. ಅವಳ ಪಾರ್ಟು ನಾನೇ ಮಾಡ್ತೀನಿ."

"ಅಕ್ಕಾ, ಸೈಲೆನ್ಸರ್ ಹಾಕಿದ್ರೂ ಸದ್ದು ಬರತ್ತೆ!" ರಘೋತ್ತಮ ಫೋನ್ ಹೊರತೆಗೆದ. "ಕಮ್ಮಿ ಆಗತ್ತೆ ಅಷ್ಟೇ. ಪಕ್ಕದ ಮನೆಗೂ ಕೇಳತ್ತಂತೆ. ಸ್ಪ್ರೆಡ್‌ಶೀಟ್ ತೋರಿಸ್ಲಾ?"

"ಸದ್ ಮಾಡಂಗಿದ್ರೆ ಅದ್ಯಾತರ ಸೈಲೆನ್ಸರ್ ಕಣಪ್ಪ?" ಎಂದು ಚೆಲುವರಾಜು ಮುಂದೆ ಬಂದ. ಅಂಜುತ್ತ ಅಂಜುತ್ತ ಕಪ್ಪು ಕೊಳವೆಯನ್ನು ಬೆರಳಿಂದ ಮುಟ್ಟಿದ, ಒತ್ತಿದ, ಮೂಸಿದ. ಅವನ ಮುಖ ಬೆಳಗಿತು. ತಕ್ಷಣ ಮನೆಗೆ ಫೋನ್ ಹಚ್ಚಿದ. "ಲೇ, ಊದ್ಬತ್ತಿ ಡಬ್ಬಿ ಕಣೇ! ಏಣಿ ವಾಪಸ್ ತಂದಿಡು. ಒಬ್ಬಟ್ಟು ತಿಂದಿಲ್ದಿದ್ರೆ ಅದ್ನೂವೆ ತತ್ತಾ."

ರಘೋತ್ತಮ ಟೋಪಿ ತೆಗೆದ. ಅವನ ಮುಖ ನೋಡಿ ಪದ್ಮಜಾಳಿಗೂ ಪಾಪ ಅನ್ನಿಸಿತು.

"ಹೇ, ಪ್ರಾಮಿಸ್ ಅಂದ್ರೆ ಪ್ರಾಮಿಸ್. ಜನ ನಿನ್ನ ಧ್ವನಿ ಕೇಳ್ತಾರೆ ಅಂದಿದ್ದೆ, ಕೇಳೇ ಕೇಳ್ತಾರೆ. ತಗೋ ಮೈಕು."

ಆರೂವರೆಗೆ ಪರದೆ ಎದ್ದಿತು. ಎಳೆದವನು ರಘೋತ್ತಮನೇ. ಎರಡನೇ ಅಂಕದಲ್ಲಿ ಕುಶಲ್ ಪಿಸ್ತೂಲು ಎತ್ತಿದ. ಇನ್ನೂರು ಜನ ಉಸಿರು ಬಿಗಿಹಿಡಿದರು. ಪರದೆಯ ಮರೆಯಲ್ಲಿ ದೊಗಳೆ ಖಾಕಿ ತೊಟ್ಟ ರಘೋತ್ತಮ ಮೈಕನ್ನು ತುಟಿಗೆ ತಂದ. ಇದು ಶುದ್ಧ ಸುಳ್ಳೆಂದು ಇಡೀ ಹಾಲಿನಲ್ಲಿ ಬಲ್ಲವನು ಅವನೊಬ್ಬನೇ. ಆದರೂ ಆರು ವರ್ಷದ ತಪಸ್ಸನ್ನೆಲ್ಲ ಹೊಟ್ಟೆಯಿಂದ ಎಳೆದು ತಂದು, ಸ್ಪಷ್ಟವಾಗಿ, ಭಾವಪೂರ್ಣವಾಗಿ ಉಚ್ಚರಿಸಿದ:

"ಠುಸ್."