ಮೇಬಿ ಅಂದ್ರ ಹೌದೋ, ಅಲ್ಲೋ?

ನಮ್ಮ ಮನ್ಯಾಗ ನಗಸಲಿಕ್ಕ ಹೊರಗಿಂದ ಯಾರೂ ಬರೋದು ಬ್ಯಾಡ್ರಿ, ವಾರಕ್ಕೊಂದು ಏನಾರೆ ಆಗ್ತನೇ ಇರ್ತದ. ಈ ವರ್ಷದ್ದೆಲ್ಲಾ ಒಂದೇ ಇಂಗ್ಲಿಷ್ ಮಾತಿನಿಂದ ಆದದ್ದು. ಕಡಿಗಿ ನನ್ನ ಕಣ್ಣೂ ಅದೇ ಮಾತಿನ ಮ್ಯಾಲೆ ನಿಂತಿತ್ತು.

೧. ಮಾತು ಕಲಿತದ್ದು

ಮೊಮ್ಮಗಳು ದಿನಾ ಭಾಲ್ಕಿಯಿಂದ ಬಸ್ ಹಿಡಿದು ಬೀದರ ಹತ್ರದ ಕೊಳಾರಕ್ಕ ಫ್ಯಾಕ್ಟರಿ ಕೆಲಸಕ್ಕ ಹೋಗ್ತಾಳ. ಎರಡು ವರ್ಷದಿಂದ ಕಣ್ಣು ಮಸಕಾಗಿ, ಆಕಿ ಮಾರಿ ನನಗ ಹೊಗಿಯಾಗ ಕಂಡಂಗ ಕಾಣತಿತ್ತು. ಧ್ವನಿ ಮ್ಯಾಲೇ ಗುರ್ತ ಹಿಡೀತಿದ್ದೆ.

"ಸಂಜಿಗಿ ಲಗೂ ಬರ್ತೀ ಏನವಾ?"

"ಮೇಬಿ."

"ರೊಟ್ಟಿ ಉಣ್ತೀ?"

"ಮೇಬಿ."

"ಹಂಗಂದ್ರೇನ?"

"ಆಗಬಹುದು, ಆಗದೇನೂ ಇರಬಹುದು, ಆಯಿ."

"ಹಂಗಾರ ನಿಮ್ಮ ಮುತ್ಯಾ ಜಲ್ಮಪೂರಾ ಇಂಗ್ಲಿಷೇ ಮಾತಾಡ್ಯಾನ ಬಿಡು! ಒಂದು ಸೀರಿ ಕೇಳಿದ್ರೂ 'ನೋಡಾಮು' ಅಂತಿದ್ದ."

೨. ಅರ್ಧ ಗಡಗಿ

ಕಲಿತ ಮಾತು ಬಾಯಾಗ ಸುಮ್ನ ಇರ್ತದೇನ್ರಿ? ಔರಾದದ ತಂಗಿ ಫೋನ್ ಮಾಡಿ, "ಅಕ್ಕಾ, ಎಳ್ಳಮಾಸಿ ಹಬ್ಬಕ್ಕ ಹೊಲಕ್ಕ ಬರ್ತೀರೇನ? ಭಜ್ಜಿ ಮಾಡ್ತೀನಿ" ಅಂದಳು. ನಾ ಠೀವಿಲೆ "ಮೇಬಿ" ಅಂದೆ. ಅರ್ಥಾನೂ ಬಿಡಿಸಿ ಹೇಳಿದೆ.

ಆ ದಿನ ಮನಿಮಂದಿ ಎಲ್ಲಾ ಹೋದೇವು. ಕಾಳು, ಸೊಪ್ಪು, ಕಾಯಿಪಲ್ಲೆ ಕೂಡಿ ಕುದಿಸಿದ ಭಜ್ಜಿ, ವಾಸನಿಗೇ ಹಸಿವು ಕೆರಳಿತು. ಆದ್ರ ಸೌಟು ಗಡಗಿ ತಳಕ್ಕ ಬಡಿದ ಸಪ್ಪಳ ಕೇಳಿ ನನಗ ಗೊತ್ತಾತು.

"ಇಷ್ಟೇ ಏನ?"

"ನೀ ಅರ್ಧ ಬರ್ತೀನಿ ಅಂದಿ ಅಕ್ಕಾ, ನಾ ಅರ್ಧ ಮಾಡೀನಿ."

೩. ಪಟ್ಟಿ ಬಿಚ್ಚಿದ ದಿನ

ನನ್ನ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದದ್ದರ ಪೊರಿ ತೆಗಿಸಲಿಕ್ಕ ಬೀದರಕ್ಕ ಹೋದೇವು. "ಕಾಣಸ್ತದೇನ್ರಿ ಸಾಹೇಬ್ರ?" ಅಂದೆ. ಡಾಕ್ಟರು ಮೊಮ್ಮಗಳ ಕಡಿ ತಿರುಗಿ "ಮೇಬಿ" ಅಂದರು. ಮುದುಕಿಗಿ ತಿಳೀತದಂತ ಅವರಿಗೇನ ಗೊತ್ತು!

"ಈ ಮಾತು ರೊಟ್ಟಿಗಿ ನಡೀತದ, ಭಜ್ಜಿಗಿ ನಡೀತದ. ಕಣ್ಣಿಗಿ ನಡೆಂಗಿಲ್ರಿ" ಅಂದೆ. ಡಾಕ್ಟರು ನಕ್ಕರು. ಮೊಮ್ಮಗಳು ನಗಲಿಲ್ಲ, ನನ್ನ ಕೈ ಗಟ್ಟಿ ಹಿಡಕೊಂಡಳು.

ಆಪರೇಶನ್ ಆದ ಮರುದಿನ ಮುಂಜಾನಿ ಮೊಮ್ಮಗಳು ಗಡಬಡಿಸಿ ಎದ್ದು ದವಾಖಾನಿಗಿ ಓಡಿಬಂದಳು. ಪಟ್ಟಿ ಬಿಚ್ಚಿ ನರ್ಸಬಾಯಿ ಆಚಿ ಹೋದಳು.

"ಆಯಿ, ನಾ ಕಾಣಸ್ಲತ್ತೀನೇನ?"

ಮೊದಲು ಬರೇ ಬೆಳಕು. ಆಮ್ಯಾಲೆ ಒಂದು ಮಾರಿ. ನನ್ನ ಕೂಸು ಥೇಟ್ ಅವರವ್ವನಂಗ ಆಗ್ಯಾಳ, ಕಣ್ತುಂಬ ನೀರು, ತುಟಿ ಕಚ್ಚಿಕೊಂಡು ನಿಂತಾಳ.

"ಮೇಬಿ" ಅಂದೆ.

"ಡಾಕ್ಟ್ರೇ!" ಅಂತ ಚೀರಿ ಬಾಗಿಲ ಕಡಿ ಓಡಿದಳು.

"ನಿಂದ್ರವಾ! ಹಂಗೇ ಮಂದ್ಯಾಗ ಹೋಗಬ್ಯಾಡ, ಅಂಗಿ ಉಲ್ಟಾ ಹಾಕ್ಕೊಂಡೀದಿ!"